ಎರಡು ಅಡುಗೆಮನೆಗಳ ರಾಷ್ಟ್ರೀಯ ಆದಾಯ

ಇಂದು ಬೆಳಿಗ್ಗೆ ಠಾಣೆಯ ವರ್ತಕ ನಗರದ ನಮ್ಮ ಕಟ್ಟಡದ ಮೆಟ್ಟಿಲಿಳಿಯುವಾಗ ಯಾರದೋ ಮನೆಯಿಂದ ಬೆಲ್ಲ ಹೆಚ್ಚಾದ ಸಾಂಬಾರಿನ ವಾಸನೆ ಬಂತು. ಬೆಲ್ಲ ಹೆಚ್ಚಾದದ್ದು ವಾಸನೆಯಲ್ಲೇ ಹೇಗೆ ತಿಳಿಯಿತು ಎಂದು ನೀವು ಕೇಳಬಹುದು. ಶಾಲಿನಿಯಕ್ಕನ ಕೈಯಡುಗೆ ಉಂಡವರಿಗೆ ತಿಳಿಯುತ್ತದೆ.

ಎರಡು ಸಾವಿರದ ದಶಕದಲ್ಲಿ ನಾವು ಮುಂಬೈ ಹತ್ತಿರದ ಠಾಕುರ್ಲಿಯಲ್ಲಿದ್ದೆವು. ಎದುರು ಬಾಗಿಲಿನ ಶಾಲಿನಿಯಕ್ಕ ಅಮ್ಮನ ಹಾಗೆ ಉಡುಪಿ ಕಡೆಯವರು. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಇಂಗ್ಲಿಷ್ ಪುಸ್ತಕವನ್ನು ಕನ್ನಡ ಮಾಡಿ ಗಟ್ಟಿಯಾಗಿ ಹೇಳಿಕೊಂಡರೆ ಮಾತ್ರ ನನ್ನ ತಲೆಗೆ ಹೋಗುತ್ತಿತ್ತು. ಒಂದು ಸಂಜೆ ಹಾಗೆಯೇ, "ವರ್ಷವೊಂದರಲ್ಲಿ ದೇಶದಲ್ಲಿ ತಯಾರಾದ ಸರಕು, ಸೇವೆಗಳ ಒಟ್ಟು ಬೆಲೆಯೇ ಜಿಡಿಪಿ. ಗೃಹಿಣಿ ಮನೆಯವರಿಗೆ ಮಾಡುವ ಅಡುಗೆ ಇದರಲ್ಲಿ ಸೇರುವುದಿಲ್ಲ" ಎಂದೆ. ಒಳಗೆ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು.

"ಎಂತ ಹೇಳಿದೆ? ಇನ್ನೊಮ್ಮೆ ಹೇಳು," ಎಂದು ಅಮ್ಮ ಬಾಗಿಲಿಗೆ ಬಂದಳು.

ಹೇಳಿದೆ.

"ಹೋಟೆಲಿನವರ ಇಡ್ಲಿ ಸೇರ್ತದಾ?"

"ಸೇರ್ತದೆ. ಅದಕ್ಕೆ ಬಿಲ್ ಉಂಟಲ್ಲ."

"ನಾನು ಬೇರೆಯವರ ಮನೆಯಲ್ಲಿ ಸಂಬಳಕ್ಕೆ ಮಾಡಿದರೆ?"

"ಅದೂ ಸೇರ್ತದೆ."

ಮರುದಿನದಿಂದ ಅಮ್ಮ ಶಾಲಿನಿಯಕ್ಕನ ಮನೆಯಲ್ಲಿ, ಶಾಲಿನಿಯಕ್ಕ ನಮ್ಮ ಮನೆಯಲ್ಲಿ ಅಡುಗೆಗೆ ನಿಂತರು. ತಿಂಗಳಿಗೆ ಇವರು ಅವರಿಗೆ ಐನೂರು, ಅವರು ಇವರಿಗೆ ಐನೂರು. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯಿಂದ ದಣಿದು ಬಂದ ಅಪ್ಪ ಸಿಹಿ ಸಾಂಬಾರನ್ನು ಬಾಯಿಗಿಟ್ಟು ನನ್ನ ಮುಖ ನೋಡಿದರು.

"ಉಣ್ಣಿ ಮಾರಾಯ್ರೆ, ದೇಶ ಬೆಳೀತಾ ಉಂಟು," ಎಂದಳು ಅಮ್ಮ.

ಅತ್ತ ಶಾಲಿನಿಯಕ್ಕನ ಗಂಡ, ದಿನವಿಡೀ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಸಾಧು ಮನುಷ್ಯ, ಅಮ್ಮನ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಾ ಉಣ್ಣುತ್ತಿದ್ದರು. ಇಬ್ಬರು ಗಂಡಸರೂ ಮೆಟ್ಟಿಲಲ್ಲಿ ಎದುರಾದಾಗ ತಲೆಯಾಡಿಸಿ ಹೋಗುವುದನ್ನು ನಾನು ನೋಡಿದ್ದೇನೆ.

ಅಷ್ಟರಲ್ಲಿ ಈರುಳ್ಳಿ ತುಟ್ಟಿಯಾಯಿತು. ಶಾಲಿನಿಯಕ್ಕ ಸಂಬಳ ಏರಿಸಬೇಕೆಂದರು. "ಧಾರಾಳ. ನನಗೂ ಏರಿಸು," ಎಂದಳು ಅಮ್ಮ. ಸಂಬಳ ಏಳುನೂರಾಯಿತು. ಅದೇ ಅನ್ನ, ಅದೇ ಸಾಂಬಾರು. ದೊಡ್ಡದಾದದ್ದು ಅಂಕಿ ಮಾತ್ರ. ಇದಕ್ಕೆ ಹಣದುಬ್ಬರ ಎನ್ನುತ್ತಾರೆಂದು ನಾನು ವಿವರಿಸಹೋದೆ. ನೀನು ಪುಸ್ತಕ ಮುಚ್ಚಿದರೆ ಎಲ್ಲರಿಗೂ ಒಳ್ಳೆಯದು ಎಂದರು ಅಪ್ಪ.

ಮುಚ್ಚುವ ಮೊದಲೇ ಶಾಲಿನಿಯಕ್ಕ ಒದ್ದೆ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಅಮ್ಮ ಎರಡೂ ಮನೆಯ ಅಡುಗೆ ಮಾಡತೊಡಗಿದಳು. ಅವರ ತಲೆ ಬಾಚಿದಳು, ಬಟ್ಟೆ ಒಗೆದಳು. ಕೈಗೆ ಪ್ಲಾಸ್ಟರ್ ಇದ್ದಷ್ಟು ದಿನವೂ ಅವರಿಗೆಂದು ಸಾಂಬಾರಿಗೆ ಬೆಲ್ಲ ಹಾಕಿದಳು. ತಿಂಗಳು ಮುಗಿದಾಗ ಶಾಲಿನಿಯಕ್ಕ ಎಡಗೈಯಲ್ಲಿ ದುಡ್ಡು ಹಿಡಿದು ಬಂದರು.

"ಒಳಗಿಡು," ಎಂದಳು ಅಮ್ಮ.

"ಅಕ್ಕ, ತಗೊಳ್ಳದಿದ್ದರೆ ನೀವು ಮಾಡಿದ್ದು ಲೆಕ್ಕಕ್ಕೆ ಸೇರುದಿಲ್ಲವಲ್ಲ."

"ಸೇರುದು ಬೇಡ. ಮೊದಲು ನಿನ್ನ ಮುರಿದ ಕೈ ಸೇರಲಿ."

ಶಾಲಿನಿಯಕ್ಕ ಅತ್ತರು. ಅಮ್ಮ ಬೈದಳು. ಗಂಡಸರಿಬ್ಬರೂ, ಕೈ ವಾಸಿಯಾದ ಮೇಲೆ ಅವರವರ ಅಡುಗೆ ಅವರವರ ಮನೆಯಲ್ಲೇ ನಡೆಯಲಿ ಎಂದು ಆಗಲೇ ಹೆಂಗಸರಿಂದ ಮಾತು ತೆಗೆದುಕೊಂಡರು.

ಪರೀಕ್ಷೆಯಲ್ಲಿ ರಾಷ್ಟ್ರೀಯ ಆದಾಯದ ಮಿತಿಗಳ ಬಗ್ಗೆ ಪ್ರಶ್ನೆ ಬಂತು. ಅಮ್ಮ ಅತಿ ಹೆಚ್ಚು ದುಡಿದ ತಿಂಗಳಲ್ಲೇ ನಮ್ಮ ಎರಡು ಮನೆಗಳ ಆದಾಯ ಕುಸಿದದ್ದನ್ನು ವಿಸ್ತಾರವಾಗಿ ಬರೆದೆ. ಉದಾಹರಣೆ ಉದ್ದವಾಯಿತು ಎಂದು ಪರೀಕ್ಷಕರಿಗೆ ಅನ್ನಿಸಿರಬೇಕು. ಸಿಕ್ಕ ಅಂಕ ಹೇಳಿಕೊಳ್ಳುವಂಥದ್ದಲ್ಲ.

ಅಲ್ಲಿಂದೀಚೆಗೆ ನನ್ನ ಕಿವಿ ಕೆಟ್ಟಿದೆ. ದೇಶದ ಬೆಳವಣಿಗೆ ತುಸು ಇಳಿಯಿತು ಎಂದು ವಾರ್ತೆಯಲ್ಲಿ ಹೇಳಿದರೆ ಎಲ್ಲರೂ ಷೇರುಪೇಟೆಯ ಕಡೆ ನೋಡುತ್ತಾರೆ. ನನಗೆ ಮಾತ್ರ, ಯಾರೋ ಮೆಟ್ಟಿಲಲ್ಲಿ ಜಾರಿರಬೇಕು, ಎದುರು ಮನೆಯವರು ಅವರಿಗೂ ಸೇರಿಸಿ ಅನ್ನಕ್ಕಿಟ್ಟಿರಬೇಕು ಎಂದೇ ಅನ್ನಿಸುತ್ತದೆ.