ಉತ್ಪನ್ನದ ದಾಖಲೆಯಲ್ಲಿ ನೂರಿಪ್ಪತ್ತು ಕುರಿ

“ಏನವಾ, ಸಾವ್ಕಾರ್ತಿ ಅದೀಯಲ್ಲ ನೀ? ಇಷ್ಟು ಉತ್ಪನ್ನ ಇಟ್ಕೊಂಡು ಸ್ಕಾಲರ್‌ಶಿಪ್ ಬ್ಯಾರೆ ಬೇಕೇನ ನಿನಗ?”

ಕಾಲೇಜಿನ ಆಫೀಸಿನಲ್ಲಿ ಅರ್ಜಿ ನೋಡುತ್ತಿದ್ದ ಮೇಡಂ ನನ್ನ ಕಾಗದದಲ್ಲಿ ಅಪ್ಪನ ವರ್ಷದ ಆದಾಯ ಬರೆದ ಕಡೆ ಬೆರಳಿಟ್ಟು ಕೇಳಿದರು. ಹಿಂದೆ ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ತಮಾಷೆ ಇರಬೇಕೆಂದು ನಾನೂ ನಕ್ಕೆ. ಮೇಡಂ ನಗಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಬೆಳಗಾವಿಯಲ್ಲಿ ಬಿ.ಎ. ಮೊದಲ ವರ್ಷದಲ್ಲಿದ್ದೆ. ಖಾನಾಪುರ ತಾಲ್ಲೂಕಿನ ನಮ್ಮ ಊರಲ್ಲಿ ಅಪ್ಪ ಕುರಿ ಕಾಯುತ್ತಿದ್ದ. ನಮ್ಮ ಮನೆತನದಲ್ಲಿ ಏಳನೇ ಇಯತ್ತೆ ದಾಟಿದವಳು ನಾನೊಬ್ಬಳೇ. ಸ್ಕಾಲರ್‌ಶಿಪ್ ಎಂದರೆ ಸರ್ಕಾರ ಓದಿಸುತ್ತದೆ ಎಂದಷ್ಟೇ ತಿಳಿದು, ಕೊಟ್ಟ ಕಡೆಯಲ್ಲೆಲ್ಲ ಸಹಿ ಹಾಕಿದ್ದೆ.

ನನ್ನ ಮುಖ ನೋಡಿ ಮೇಡಂ ದನಿ ಇಳಿಸಿದರು. “ಕೇಳಿಲ್ಲಿ. ಫೀ ಮಾಫಿ ಅಂದ್ರ ನೀ ಕಾಲೇಜಿಗೆ ಕಟ್ಟೂದನ್ನ ಬಿಡ್ತಾರ, ನಿನ್ನ ಕೈಗೇನೂ ಬರೂದಿಲ್ಲ. ಸ್ಕಾಲರ್‌ಶಿಪ್ ಕೈಗೆ ಬರತದ, ಆದರ ವರ್ಷದ ಕಡೀಕ. ಮಂಜೂರಾತು ಅಂದ ಕೂಡ್ಲೇ ರೊಕ್ಕ ಬಂತು ಅಂತ ಕುಣೀಬ್ಯಾಡ. ಎಲ್ಲಾದಕ್ಕೂ ಈ ಉತ್ಪನ್ನದ ದಾಖಲೆನ ಬುಡ. ಇದರಾಗ ಮಿತಿ ದಾಟೇತಿ ನಿಂದು. ಮಾಫಿನೂ ಇಲ್ಲ, ಈಗಿರೂ ಹಾಸ್ಟೆಲ್ಲೂ ಬಿಡಬೇಕಾಗತದ.”

“ನಮ್ಮಪ್ಪ ಕುರಿ ಕಾಯ್ತಾನ್ರಿ.”

“ನೂರಿಪ್ಪತ್ತು ಕುರಿ ಅಂತ ಬರದೈತಲ್ಲ ಇಲ್ಲಿ! ಶನಿವಾರ ಮಧ್ಯಾಹ್ನದೊಳಗ ಬ್ಯಾರೆ ದಾಖಲೆ ತಾ, ಇಲ್ಲಂದ್ರ ಪೂರ್ತಿ ಫೀ ಕಟ್ಟು.”

ಅಂದು ಬುಧವಾರ. ಸದಾಶಿವನಗರದ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಆ ಅರ್ಜಿಯನ್ನು ಮೊದಲ ಸಲ ಪೂರ್ತಿ ಓದಿದೆ. ನನ್ನ ಸಹಿಯ ಮೇಲೆ, ಸಣ್ಣ ಅಕ್ಷರದಲ್ಲಿ, ಮಾಹಿತಿ ಸುಳ್ಳೆಂದು ಕಂಡುಬಂದರೆ ಕಾನೂನು ಕ್ರಮಕ್ಕೆ ಬದ್ಧರು ಎಂದಿತ್ತು. ದಾಖಲೆ ಖರೆಯಾದರೆ ನನ್ನ ಕಾಲೇಜು ಮುಗಿಯಿತು. ಸುಳ್ಳಾದರೆ ಅದನ್ನು ಬರೆಸಿದ ಅಪ್ಪನನ್ನು ಹಿಡಿದುಕೊಂಡು ಹೋಗುತ್ತಾರೆ. ಮೂರನೆಯ ದಾರಿ ನನಗೆ ಕಾಣಲಿಲ್ಲ. ಊಟದ ಗಂಟೆ ಹೊಡೆದರೂ ಏಳಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೋದೆ. ಭತ್ತದ ಸುಗ್ಗಿ ಮುಗಿದಿತ್ತು. ಗದ್ದೆಗೆ ಗೊಬ್ಬರವಾಗಲೆಂದು ರೈತರು ಕಾಳು ಕೊಟ್ಟು ರಾತ್ರಿ ಗದ್ದೆಯಲ್ಲೇ ಕುರಿ ತರುಬಿಸಿಕೊಳ್ಳುವ ದಿನಗಳು. ಅಪ್ಪನ ಹಿಂಡು ಪೇಟೆಯಿಂದ ಎರಡು ಮೈಲಿ ಆಚೆ, ಕೂಳೆ ಗದ್ದೆಯಲ್ಲಿತ್ತು.

“ಉತ್ಪನ್ನದ ಲೆಕ್ಕ ಬರಕೊಳ್ಳಾಕ ಬಂದ ತಲಾಠಿಯವರಿಗೆ ಏನ ಬರಸೀಯಪ್ಪಾ?”

“ಇವೆಲ್ಲಾ ನಿನ್ನವೇನೋ ಅಂತ ಕೇಳಿದ್ರು. ಹೌದರೀ, ಎಲ್ಲಾ ನಮ್ಮವು ಅಂದೆ.”

“ನಮ್ಮವು ಇಪ್ಪತ್ತಾರಪ್ಪಾ! ಉಳಿದಾವು...”

ಅಪ್ಪ ಥಟ್ಟನೆ ಕೈ ಎತ್ತಿದ. “ಹಿಂಡಿನ ಮುಂದ ಆ ಮಾತ ಆಡಬ್ಯಾಡ.”

ಊರವರ ಕುರಿಗಳನ್ನು ಪಾಲಿಗೆ ಸಾಕುವುದು ನಮ್ಮವರ ಪದ್ಧತಿ. ಮರಿ ಹಾಕಿದರೆ ಅರ್ಧ ಅವರಿಗೆ, ಅರ್ಧ ನಮಗೆ. ಆದರೆ ಹಿಂಡಿನೊಳಗೆ ಬಂದ ಕುರಿಯನ್ನು ನಮ್ಮದಲ್ಲ ಎಂದು ಕುರುಬ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಹಿಂಡು ಒಡೆಯುತ್ತದೆ, ರೋಗ ಬೀಳುತ್ತದೆ ಎಂಬ ಭಯ. ಅಜ್ಜನೂ ಹೇಳಿರಲಿಲ್ಲ, ಅಪ್ಪನೂ ಹೇಳಿರಲಿಲ್ಲ. ತಲಾಠಿ ಕೇಳಿದ್ದು ಹಿಂಡಿನ ನಡುವೆಯೇ ನಿಂತು.

ಅಳುತ್ತಲೇ ಎಲ್ಲವನ್ನೂ ಹೇಳಿದೆ, ಸಣ್ಣ ಅಕ್ಷರದ ಸಾಲನ್ನೂ.

“ಜೇಲಿನ್ಯಾಗ ಊಟಾ ಹಾಕ್ತಾರಂತಲ್ಲ,” ಅಂದ ಅಪ್ಪ. “ಕುರಿ ಯಾರ ಕಾಯಬೇಕು, ಅದ ಚಿಂತಿ.”

ನನಗೆ ನಗು ಬರಲಿಲ್ಲ. ಅವನಿಗೂ ಬಂದಿರಲಿಲ್ಲ. ಕಾಕಾನ ಕೈಗೆ ಹಿಂಡು ಒಪ್ಪಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು ನಡೆದ. ಹೋಗುವಾಗ ಒಮ್ಮೆ ಹಿಂದೆ ತಿರುಗಿ ಕುರಿಗಳನ್ನು ನೋಡಿದ. ಆ ನೋಟ ಕಂಡು ನನಗೆ ಮತ್ತಷ್ಟು ಅಂಜಿಕೆಯಾಯಿತು.

ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು ಕಾಗದ ನೋಡಿ, ಅಪ್ಪನನ್ನು ನೋಡಿ, “ಕುರಿ ನಿನ್ನವು ಹೌದೋ ಅಲ್ಲೋ? ಒಂದ ಮಾತಿನ್ಯಾಗ ಹೇಳು,” ಅಂದರು.

ಅಪ್ಪ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡ.

“ಆಗ ಎಲ್ಲಾ ನನ್ನವು ಅಂದಿ. ಈಗ ಮಗಳ ಫೀ ಸಲುವಾಗಿ ಅಲ್ಲ ಅಂತೀಯೇನ? ಸುಳ್ಳ ಬರಿಸಿದ್ರ ಏನಾಗತದ ಗೊತ್ತೈತಿಲ್ಲೋ?”

ಬಾಗಿಲ ಬಳಿ ನಿಂತವರು ಮರಾಠಿಯಲ್ಲಿ ಏನೋ ಅಂದು ನಕ್ಕರು. ಕಾಲೇಜು ಬ್ಯಾಡ, ನಡಿಯಪ್ಪಾ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಮಾತಾಡಿದ.

“ಬರಕೋರಿ ಸಾಹೇಬ್ರ. ಎಡಗಿವಿ ತುದಿ ಕತ್ತರಿಸಿದ್ದು ಮೂವತ್ತೆಂಟು, ಗೌಡ್ರ ಮನಿಯಾವು. ಬಲಗಿವಿ ಸೀಳಿದ್ದು ಇಪ್ಪತ್ತು, ಸಾಲಿ ಮಾಸ್ತರವು. ಎರಡೂ ಕಿವಿಗೆ ತೂತ ಹಾಕಿದ್ದು ಮೂವತ್ತಾರು, ಕಿರಾಣಿ ಅಂಗಡಿಯವರವು. ಏನೂ ಗುರುತಿಲ್ಲದ್ದು ಇಪ್ಪತ್ತಾರು.”

“ಅವು ಯಾರವು?”

“ಅವಕ್ಕ ಗುರುತು ಹಾಕೂ ಕಾರಣ ಬಿದ್ದಿಲ್ರೀ.”

ಶಿರಸ್ತೇದಾರರು ಪೆನ್ನು ಕೆಳಗಿಟ್ಟರು. ಇನ್ನು ಪೊಲೀಸರನ್ನು ಕರೆಯುತ್ತಾರೆ ಎಂದುಕೊಂಡೆ. “ಪಾಲಿನ ಕುರಿ ಅಂತ ಮೊದಲ ಹೇಳಾಕ ಏನಾಗಿತ್ತೋ ಮಾರಾಯ?” ಎಂದು ಗೊಣಗಿ ಅವರು ಒಂದು ಹೇಳಿಕೆ ಬರೆದು, ಹೆಬ್ಬೆಟ್ಟಿನ ಶಾಯಿ ಮುಂದೆ ಸರಿಸಿದರು. ಅಪ್ಪ ಹೆಬ್ಬೆಟ್ಟು ಒತ್ತಲು ಹೋದ. ನಾನು ಕೈ ಹಿಡಿದೆ.

“ತಡೀ. ಓದತೀನಿ.”

ಸಣ್ಣ ಅಕ್ಷರದ್ದನ್ನೂ ಬಿಡದೆ ಗಟ್ಟಿಯಾಗಿ ಓದಿದೆ. “ಇನ್ನೊಮ್ಮೆ ಓದು,” ಅಂದ ಅಪ್ಪ. ಇನ್ನೊಮ್ಮೆ ಓದಿದೆ. ಆಮೇಲೆ ಒತ್ತಿದ.

ತಲಾಠಿಯವರ ಮರು ವರದಿಗೆ ಶುಕ್ರವಾರ ಇಡೀ ಹೋಯಿತು. ಹೊಸ ದಾಖಲೆ ಕೈಗೆ ಬಂದದ್ದು ಶನಿವಾರ ಬೆಳಿಗ್ಗೆ. ಬೆಳಗಾವಿ ಸ್ಟ್ಯಾಂಡಿನಿಂದ ಕಾಲೇಜಿಗೆ ಓಡಿದೆ. ಮೇಡಂ ಕಪಾಟಿಗೆ ಕೀಲಿ ಹಾಕುತ್ತಿದ್ದರು. ಕಾಗದ ನೋಡಿ, ಕೀಲಿ ಮತ್ತೆ ತೆಗೆದು ಅದನ್ನು ನನ್ನ ಅರ್ಜಿಗೆ ಲಗತ್ತಿಸಿದರು. “ನವೀಕರಣ ಅಂತ ಇರತದ,” ಅಂದರು. “ಮುಂದಿನ ವರ್ಷ ಮತ್ತ ಇದನ್ನೆಲ್ಲಾ ಹೊಸದಾಗಿ ತರಬೇಕು.”

ಆ ಚಳಿಗಾಲದಲ್ಲಿ ನಮ್ಮ ಹಿಂಡಿನ ಎರಡು ಕುರಿ ಸತ್ತವು. ಅಪ್ಪ ನನಗೆ ಹೇಳಲಿಲ್ಲ, ಕಾಕಾ ಹೇಳಿದ. ಯಾವ ಕಿವಿಯವು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಾನು ಪದವಿ ಪಡೆದೆ. ಅದನ್ನು ಯಾರ ಮುಂದೆಯೂ ಸಣ್ಣ ದನಿಯಲ್ಲಿ ಹೇಳುವುದಿಲ್ಲ. ಮುಂದಿನ ಎರಡು ನವೀಕರಣಕ್ಕೂ ಅಪ್ಪ ನನ್ನ ಜೊತೆ ಬಂದ. ಕಚೇರಿಯಲ್ಲಿ ಪ್ರತಿ ಸಲ ಅವನು ಎಡಗಿವಿಯಿಂದ ಶುರುಮಾಡಿ ಎಲ್ಲ ಕಿವಿಗಳ ಲೆಕ್ಕ ಒಪ್ಪಿಸುತ್ತಿದ್ದ. ನಮ್ಮವಲ್ಲ ಎಂಬ ಮಾತನ್ನು ಮಾತ್ರ ಒಮ್ಮೆಯೂ ಆಡಲಿಲ್ಲ.