ಗರಗಸದ ಪಂಪಿಗೆ ಹಾಕಿದ ಪೊರೆ

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ರಿಪೇರಿ ಅಂಗಡಿಯಿತ್ತು. ಗದ್ದೆಯ ಪಂಪ್‌ಸೆಟ್ಟು, ಆಲೆಮನೆಯ ಇಂಜಿನ್ನು, ಅಪರೂಪಕ್ಕೊಂದು ಜೀಪು ಬರುತ್ತಿದ್ದವು. ಈ ಮೇಸ್ತ್ರಿಯ ಕೈಗೆ ಬಂದ ಯಂತ್ರ ಕೆಟ್ಟೇ ವಾಪಸು ಹೋಗುವುದಿಲ್ಲ ಎಂದು ಹನೂರಿನವರೆಗೂ ಜನ ಆಡಿಕೊಳ್ಳುತ್ತಿದ್ದರು. ಆ ಮಾತು ನನಗೆ ಸ್ವಲ್ಪ ಹೆಚ್ಚೇ ಹಿತವಾಗಿತ್ತು.

ಒಂದು ಬೆಳಿಗ್ಗೆ ನನ್ನಷ್ಟೇ ವಯಸ್ಸಿನವನೊಬ್ಬ ಗೋಣಿಚೀಲ ಹೊತ್ತು ಬಂದ. ಅಜ್ಜೀಪುರದವನು. ಬಿಳಿಗಿರಿರಂಗನ ಬೆಟ್ಟದ ಕಡೆ ಕಂಟ್ರಾಕ್ಟರೊಬ್ಬ ಹಿಡಿದಿದ್ದ ಕೂಪಿನಲ್ಲಿ, ಎಂದರೆ ಮರ ಕಡಿಯಲು ಹರಾಜಿಗೆ ಬಿಟ್ಟ ಕಾಡಿನ ತುಂಡಿನಲ್ಲಿ, ಮರ ಕೊಯ್ಯುವ ಕೆಲಸ. ಚೀಲದಿಂದ ಅವನು ಹೊರಗೆಳೆದದ್ದು ಪೆಟ್ರೋಲಿನಿಂದ ಓಡುವ ಗರಗಸ. ಇಡೀ ಕೂಪಿಗೆ ಅದೊಂದೇ ಯಂತ್ರ. ಮಿಕ್ಕವರಿಗೆಲ್ಲ ಕೈಗರಗಸ, ಕೊಡಲಿ.

"ಹಗ್ಗ ಎಳುದ್ರ ಹತ್ಕತ್ತದ ಮೇಸ್ತ್ರಿ. ಮರಕ್ಕ ಇಟ್ಟೇಟ್ಗ ಉಸ್ರು ಕಟ್ದಂಗಾಗಿ ನಿಂತೋಯ್ತದ," ಎಂದ.

ಅಂಥದ್ದನ್ನು ನಾನು ಅದುವರೆಗೆ ಬಿಚ್ಚಿರಲಿಲ್ಲ. ಹಾಗೆಂದು ಹೇಳಲಿಲ್ಲ. ಬಿಚ್ಚಿದೆ. ನನಗೆ ಗೊತ್ತಿದ್ದ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲು, ಅದರಲ್ಲಿ ತೇಲುವ ಬುರುಡೆ ಇರುತ್ತಿತ್ತು. ಇದರಲ್ಲಿ ಎರಡೂ ಇಲ್ಲ. ಟ್ಯಾಂಕು ಕೆಳಗಿದೆ, ಕಾರ್ಬ್ಯುರೇಟರು ಮೇಲಿದೆ. ಯಂತ್ರವನ್ನು ಅಡ್ಡ ಮಲಗಿಸಿದರೂ ಮೇಲಕ್ಕೆ ಹಿಡಿದರೂ ಓಡಬೇಕು. ಪೆಟ್ರೋಲನ್ನು ಎಳೆದು ತರುವವರು ಯಾರು? ಹುಡುಕಿದರೂ ಪಂಪು ಕಾಣಲಿಲ್ಲ.

ಮಧ್ಯಾಹ್ನದ ಹೊತ್ತಿಗೆ, ಕಾರ್ಬ್ಯುರೇಟರು ಕೂರುವ ಜಾಗದಲ್ಲಿ ಗುಂಡುಸೂಜಿಯ ತಲೆಯಷ್ಟು ಒಂದು ತೂತು ಕಂಡಿತು. ಅದರ ಮೇಲೆ ಬೆರಳಿಟ್ಟು ಅವನಿಗೆ ಹಗ್ಗ ಎಳೆಯಲು ಹೇಳಿದೆ. ಬೆರಳನ್ನು ಯಾರೋ ಒಳಗಿನಿಂದ ಚೀಪಿದಂತಾಯಿತು. ಮರುಗಳಿಗೆ ಊದಿದಂತಾಯಿತು. ಆಗ ತಿಳಿಯಿತು. ಪಿಸ್ಟನ್ ಮೇಲೆ ಹೋದಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೆಳಗಿಳಿದಾಗ ತಳ್ಳುತ್ತದೆ. ಆ ಎಳೆತ, ಆ ನೂಕು ಈ ತೂತಿನಿಂದ ಬಂದು ಕಾರ್ಬ್ಯುರೇಟರಿನೊಳಗಿನ ತೆಳು ಪೊರೆಯನ್ನು ಅಲ್ಲಾಡಿಸುತ್ತದೆ. ಪೊರೆಯಲ್ಲೇ ಕತ್ತರಿಸಿ ಬಿಟ್ಟ ಎರಡು ಪುಟ್ಟ ನಾಲಿಗೆಗಳುಂಟು. ಒಂದು ತೆರೆದು ಪೆಟ್ರೋಲನ್ನು ಒಳಗೆ ಬಿಟ್ಟರೆ, ಇನ್ನೊಂದು ತೆರೆದು ಮುಂದಕ್ಕೆ ಕಳಿಸುತ್ತದೆ. ಬೇರೆ ಪಂಪೇ ಇಲ್ಲ. ಆ ಪೊರೆಯೇ ಪಂಪು.

ಪೊರೆ ಒಣಗಿದ ಎಲೆಯಂತೆ ಸೆಟೆದುಕೊಂಡಿತ್ತು. ಹೊಸದು ಮದರಾಸಿನಿಂದ ಬರಬೇಕು, ಹದಿನೈದು ದಿನವಾದರೂ ಹಿಡಿಯುತ್ತದೆ ಎಂದೆ. ಅವನ ಮುಖ ಸಪ್ಪಗಾಯಿತು.

"ಅಷ್ಟು ದಿನ ಕಂಟ್ರಾಕ್ಟ್ರು ಕಾಯದಿಲ್ಲ ಸಾ. ಬೇರೇರ್ನ ಕರ್ಕತ್ತಾರ."

ಮೂಲೆಯಲ್ಲಿ ಜೀಪಿನ ಹಳೆಯ ಪೆಟ್ರೋಲು ಪಂಪೊಂದು ಬಿದ್ದಿತ್ತು. ಅದರೊಳಗೆ ಪೊರೆಯಾಗಿದ್ದ ರಬ್ಬರು ಬಟ್ಟೆಯನ್ನು ಬ್ಲೇಡಿನಿಂದ ಅಳತೆಗೆ ಕತ್ತರಿಸಿ, ಎರಡು ನಾಲಿಗೆಗಳನ್ನೂ ಬಿಡಿಸಿ ಹಾಕಿದೆ. ಬಟ್ಟೆ ಕೊಂಚ ದಪ್ಪವೆಂದು ಬೆರಳಿಗೆ ತಿಳಿಯುತ್ತಿತ್ತು. ಟ್ಯಾಂಕು ತುಂಬಿಸಿ ಹಗ್ಗ ಎಳೆದೆವು. ಯಂತ್ರ ಒಂದೇ ಏಟಿಗೆ ಗರ್ಜಿಸಿತು. ಅಂಗಡಿಯ ಮುಂದೆ ಬಿದ್ದಿದ್ದ ಹುಣಸೆ ತುಂಡನ್ನು ಅವನು ಬೆಣ್ಣೆಯಂತೆ ಕೊಯ್ದ. ಬೀದಿಯಲ್ಲಿ ಜನ ನೆರೆದರು.

ಇದು ಸದ್ಯಕ್ಕೆ ಹಾಕಿದ್ದು, ದೊಡ್ಡ ಮರಕ್ಕೆ ಇಡಬೇಡ ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಜನ ನೋಡುತ್ತಿದ್ದಾಗ ಅದನ್ನು ಆಡಲು ಮನಸ್ಸಾಗಲಿಲ್ಲ.

"ಇನ್ನೇನೂ ಯೋಚ್ನೆ ಮಾಡ್ಬೇಡ, ತಕಂಡೋಗು," ಎಂದೆ. ಅವನು ಕೈಮುಗಿದು ಹೋದ.

ಮೂರನೆಯ ದಿನ ಮರ ಸಾಗಿಸುವ ಲಾರಿಯ ಡ್ರೈವರು ಅದೇ ಗೋಣಿಚೀಲವನ್ನು ತಂದು ಅಂಗಡಿಯ ಮುಂದೆ ಇಳಿಸಿದ. ದೊಡ್ಡ ಮತ್ತಿ ಮರ ಮುಕ್ಕಾಲು ಕೊಯ್ದಿದ್ದಾಗ ಗರಗಸ ನಿಂತುಹೋಯಿತಂತೆ. ಅಲಗು ಮರದೊಳಗೇ ಸಿಕ್ಕಿಕೊಂಡಿತ್ತು. ಅವನು ಬುಡದಲ್ಲೇ ಬಗ್ಗಿ ಹಗ್ಗ ಎಳೆಯುತ್ತಿದ್ದಾಗ ಗಾಳಿ ಬೀಸಿತು. ಮರ ತಿರುಚಿಕೊಂಡು ಬುಡದಿಂದ ಒದ್ದಿತು. ಬಲಗಾಲು ಮಂಡಿಯ ಕೆಳಗೆ ಜಜ್ಜಿಹೋಗಿತ್ತು. ಯಳಂದೂರಿನಲ್ಲಿ ಕಟ್ಟು ಕಟ್ಟಿ ಮೈಸೂರಿಗೆ ಸಾಗಿಸಿದ್ದರು.

ಡ್ರೈವರು ಹೋದಮೇಲೆ ಬಾಗಿಲು ಎಳೆದುಕೊಂಡು ಯಂತ್ರವನ್ನು ಮುಂದಿಟ್ಟುಕೊಂಡೆ. ಟ್ಯಾಂಕು ತುಂಬಿಸಿದರೆ ಚೆನ್ನಾಗಿ ಓಡಿತು. ಅರ್ಧ ಚೆಲ್ಲಿ ಮತ್ತೆ ಹಚ್ಚಿ ವೇಗ ಕೊಟ್ಟೆ. ಸದ್ದು ಸಣ್ಣಗಾಗುತ್ತ ಬಂದು ಸತ್ತಿತು. ಟ್ಯಾಂಕು ತುಂಬಿದ್ದಾಗ ಪೆಟ್ರೋಲನ್ನು ಸ್ವಲ್ಪವೇ ಎತ್ತಿದರೆ ಸಾಕು. ಮಟ್ಟ ಇಳಿದಂತೆ ಹೆಚ್ಚು ಎತ್ತಬೇಕು. ಕ್ರ್ಯಾಂಕ್ ಕೋಣೆಯ ಆ ಸಣ್ಣ ಎಳೆತಕ್ಕೆ ನನ್ನ ದಪ್ಪ ಬಟ್ಟೆ ಅಷ್ಟು ಬಾಗುತ್ತಿರಲಿಲ್ಲ. ಅಂದು ಇನ್ನೊಂದು ಕಾಲುಗಂಟೆ ಓಡಿಸಿ ನೋಡಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು.

ತಿಂಗಳ ಮೇಲೆ ಅವನ ಹೆಂಡತಿ ಬಂದಳು. ಕಾಲು ತೆಗೆದಿದ್ದರು, ಊರಿಗೆ ಕರೆತಂದಿದ್ದಳು. ಅವಳು ಬೆಂಚಿನ ಮೇಲೆ ಕೂರಲಿಲ್ಲ.

"ಅಣ್ಣ, ಆ ಮಿಷಿನ್ಗ ಏನಾಗಿತ್ತು? ನನ್ ಕೈಲೇ ಏನೋ ತಪ್ಪಾಯ್ತು ಅಂತ ಅವ್ರು ದಿನಾ ಕೊರಗ್ತಾರ."

ಪೆಟ್ರೋಲಿನಲ್ಲಿ ಕಸ ಸೇರಿತ್ತು ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ. ಯಂತ್ರವನ್ನು ಬಿಚ್ಚಿ ಆ ತೂತಿನ ಮೇಲೆ ಅವಳ ಬೆರಳಿಡಿಸಿ ಹಗ್ಗ ಎಳೆದೆ. ಬಟ್ಟೆಯನ್ನು ಕೈಗೆ ಕೊಟ್ಟೆ. ಮದರಾಸಿನಿಂದ ಬಂದಿದ್ದ ಹೊಸ ಪೊರೆಯನ್ನೂ ಕೊಟ್ಟೆ. ಎರಡನ್ನೂ ಬೆರಳುಗಳ ನಡುವೆ ಉಜ್ಜಿ ನೋಡಿದಳು. ಅವಳಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

"ಈ ಮಾತ ನೀವೇ ಬಂದು ಅವ್ರ್ಗ ಏಳಿ," ಎಂದಳು.

ಮುಂದಿನ ಭಾನುವಾರ ಅಜ್ಜೀಪುರಕ್ಕೆ ಹೋದೆ. ಅವನು ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಮಲಗಿದ್ದ. ನನ್ನನ್ನು ಕಂಡು ಮುಖ ಅರಳಿತು, ಏಳಲು ನೋಡಿದ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೋದಂತೆ ಅವನು ತಲೆಯನ್ನು ಮತ್ತೆ ದಿಂಬಿಗೆ ಒರಗಿಸಿದ.

"ಸದ್ದು ಇಳೀತಾ ಇದ್ದದ್ದು ನಂಗೂ ಗೊತ್ತಾಯ್ತು. ನೀವು ರಿಪೇರಿ ಮಾಡಿದ್ದಲ್ವಾ ಅಂತ ಕೊಯ್ಯದ್ನ ಬುಡ್ಲಿಲ್ಲ," ಎಂದ. ಆಮೇಲೆ ನನ್ನತ್ತ ನೋಡದೆ, "ಅವತ್ತೇ ಒಂದ್ಮಾತು ಏಳಿದ್ರ ಆ ಮರಕ್ಕ ಕೈ ಆಕ್ತಿರ್ಲಿಲ್ಲ ಮೇಸ್ತ್ರಿ," ಎಂದ.

ಹೆಂಡತಿ ನೀರು ಕೊಟ್ಟಳು. ಕುಡಿದೆ. ಹೋಗಿ ಎಂದು ಯಾರೂ ಹೇಳಲಿಲ್ಲ, ಕೂರಿ ಎಂದೂ ಹೇಳಲಿಲ್ಲ. ಬಸ್ಸು ಬರಲು ಇನ್ನೂ ಹೊತ್ತಿದ್ದರೂ ರಸ್ತೆಗೆ ಬಂದು ನಿಂತೆ.

ಆ ಗರಗಸವನ್ನು ಕಂಟ್ರಾಕ್ಟರು ಬೇರೊಬ್ಬನ ಕೈಗೆ ಕೊಟ್ಟ. ಅಂಥ ಯಂತ್ರವನ್ನು ನಾನು ಮತ್ತೆ ಮುಟ್ಟಲಿಲ್ಲ.

ಎರಡು ವರ್ಷದ ಮೇಲೆ ಹನೂರಿನ ಸಂತೆಯಲ್ಲಿ ಅವನ ಹೆಂಡತಿ ಸಿಕ್ಕಿದಳು. ತಲೆಯ ಮೇಲೆ ಮುತ್ತುಗದ ಎಲೆಗಳ ಕಟ್ಟು. ಗಂಡ ಊಟದೆಲೆ ಹಚ್ಚುತ್ತಾನೆ, ತಾನು ಮಾರುತ್ತೇನೆ ಎಂದಳು. "ಮೇಸ್ತ್ರಿ ಈ ಕಡ ಬತ್ತಾರಾ ಅಂತ ಒಂದ್ಸಲ ಕೇಳುದ್ರು," ಎಂದಳು. ಬರುತ್ತೇನೆಂದು ಹೇಳು ಎಂದೆ. ಆ ವಾರ ಹೋಗಲಿಲ್ಲ, ಮುಂದಿನ ವಾರವೂ ಹೋಗಲಿಲ್ಲ. ಏನಾದರೊಂದು ಕೆಲಸ ಅಡ್ಡ ಬರುತ್ತಿತ್ತು. ಬರದಿದ್ದರೆ ನಾನೇ ತಂದುಕೊಳ್ಳುತ್ತಿದ್ದೆ. ಆ ಬೇಸಿಗೆಯಲ್ಲಿ ಅವನು ಜ್ವರ ಬಂದು ತೀರಿಕೊಂಡನೆಂದು ಅಜ್ಜೀಪುರದಿಂದ ಪಂಪ್‌ಸೆಟ್ಟು ತಂದ ರೈತನೊಬ್ಬ ಹೇಳಿದ. ನನ್ನನ್ನು ಯಾಕೆ ಕೇಳಿದ್ದನೋ, ಬೈಯಲೋ, ಬರೀ ಮಾತಿಗೋ, ಇವತ್ತಿಗೂ ಗೊತ್ತಿಲ್ಲ.