ಹಿಮದೂರಿಗೆ ತಾಳೆ ಕಳಿಸುವ ದೇಜಪ್ಪ

ದೋಹಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನರ್ಸರಿಯ ಹಿಂಬದಿಯಲ್ಲಿ ಕೂತ ದೇಜಪ್ಪ, ಮೊಣಕಾಲೆತ್ತರದ ತಾಳೆ ಗಿಡದ ಬೇರಿನಿಂದ ಮಣ್ಣು ತೊಳೆಯುತ್ತಿದ್ದಾರೆ. ಪೈಪಿನ ನೀರು ಜೋರಾದರೆ ಬೇರು ಹರಿಯುತ್ತದೆ, ಮೆಲ್ಲಗಾದರೆ ಮಣ್ಣು ಬಿಡುವುದಿಲ್ಲ. ಬಿಸಿಲೇರುವ ಮೊದಲು ಮುಗಿಯಬೇಕು. "ಇಂಗ್ಲೆಂಡಿನ ಕಸ್ಟಮ್ಸಿನವರಿಗೆ ಗಿಡ ಆಗ್ತದೆ, ಅದರ ಮಣ್ಣು ಆಗುದಿಲ್ಲ. ಎಂತ ಮಾಡುದು ಮಾರಾಯ್ರೆ?"

ಕಾರ್ಕಳದ ಕಡೆಯ ದೇಜಪ್ಪ ಕತಾರಿಗೆ ಬಂದದ್ದು ಗಾರೆ ಕೆಲಸಕ್ಕೆ. ಕಟ್ಟಡ ಮುಗಿದ ಮೇಲೆ ಕಂಪನಿ ಅವರನ್ನು ತನ್ನ ನರ್ಸರಿಗೆ ಹಾಕಿತು. ನೆಮ್ಮದಿಯಾಗಿಯೇ ಇದ್ದರು, ಕಂಪನಿಯ ಅರಬ್ ಮಾಲೀಕರು ಇಂಗ್ಲೆಂಡಿನಲ್ಲಿ ತೋಟದ ಮನೆ ಕೊಳ್ಳುವವರೆಗೆ. ಅಲ್ಲಿಯ ಕಿಟಕಿಯಿಂದಲೂ ಅವರಿಗೆ ಖರ್ಜೂರದ ಮರ ಕಾಣಬೇಕಿತ್ತು. ಕಳಿಸಿದ ಮರಗಳೆಲ್ಲ ಮೊದಲ ಚಳಿಗಾಲಕ್ಕೇ ಕಪ್ಪಾಗಿ ಸತ್ತವು. "ಖಲಾಸ್, ಇನ್ನು ಬಿಡ್ತಾರೆ ಅಂದುಕೊಂಡೆ. ಚಳಿ ತಡೆಯುವ ಅಂಥದೇ ಮರ ಹುಡುಕು ಅಂದರು. ಮರುಭೂಮಿಯಲ್ಲಿ ಕೂತು."

ಮೈಸೂರಿನವರಾದ ಮ್ಯಾನೇಜರ್ ಲಕ್ಷ್ಮೀಪತಿ ದೇಶದೇಶಗಳಿಗೆ ಫ್ಯಾಕ್ಸ್ ಮಾಡಿದರು. ಚೀನಾದ ಒಂದು ತಾಳೆ ಸಿಕ್ಕಿತು. ನಮ್ಮ ಅರಬ್ ಕಡೆಯದೇ ಬೇಕೆಂದು ಮಾಲೀಕರು ತಳ್ಳಿಹಾಕಿದರು. ಆ ವಾರ ಸೂಕ್ ವಾಕಿಫ್ ಪೇಟೆಗೆ ಚಾಪೆ ಕೊಳ್ಳಲು ಹೋಗಿದ್ದ ದೇಜಪ್ಪನವರಿಗೆ ಬಲೂಚಿ ಅಂಗಡಿಯವನು ಮಾತಿನ ನಡುವೆ ಹೇಳಿದ: ಈ ಚಾಪೆಯ ಗರಿ ನಮ್ಮ ಗುಡ್ಡದ ಮಝರಿ ತಾಳೆಯದು, ಅದರ ಮೇಲೆ ಹಿಮವೂ ಬೀಳುತ್ತದೆ. ದೇಜಪ್ಪ ಚಾಪೆಯನ್ನು ನೇರ ಆಫೀಸಿಗೆ ಹೊತ್ತು ತಂದರು. ಒಮಾನಿನಲ್ಲೂ ಬೆಳೆಯುವ ಜಾತಿಯೆಂದು ಮಾಲೀಕರು ಒಪ್ಪಿದರು, ಲಕ್ಷ್ಮೀಪತಿ ಕರಾಚಿಯ ವ್ಯಾಪಾರಿಯಿಂದ ಗಿಡ ತರಿಸಿದರು.

ಗೋಳು ಮುಗಿಯಲಿಲ್ಲ. ಇಂಗ್ಲೆಂಡಿಗೆ ಕಳಿಸುವಾಗ ಬೇರು ಒಣಗದಿರಲೆಂದು ದೇಜಪ್ಪ ಒದ್ದೆ ಗೋಣಿಯಲ್ಲಿ ಬಿಗಿಯಾಗಿ ಸುತ್ತಿದ್ದರು. ಹಬ್ಬದ ರಜೆಗೆ ಹಡಗಿನ ಬಂದರು ಮುಚ್ಚಿ, ಇಡೀ ಸರಕು ಕೊಳೆಯಿತು. ಮುಂದಿನ ಸಲ ಮರದ ಹೊಟ್ಟಿನಲ್ಲಿ ಸಡಿಲವಾಗಿ ಕಟ್ಟಿ ವಿಮಾನದಲ್ಲಿ ಕಳಿಸಿದರು. ಅರ್ಧದಷ್ಟು ಬದುಕಿದವು. ಆಗ ಮಾಲೀಕರ ಫೋನು: ಯಾಕಿಷ್ಟು ಗಿಡ್ಡ?

"ಅದು ಪೊದೆಯ ಹಾಗೆ ಬೆಳೆಯುವ ಜಾತಿ. ನಾನು ಎಳೆದು ಉದ್ದ ಮಾಡಲಿಕ್ಕೆ ಆಗ್ತದಾ?" ದೇಜಪ್ಪ ಪೈಪು ಬದಿಗಿಡುತ್ತಾರೆ.

ಈಗ ಮಾಲೀಕರ ಗೆಳೆಯರಿಗೂ ಅದೇ ತಾಳೆ ಬೇಕಂತೆ. ಈ ಬೆಳಗಿನ ಗಿಡಗಳು ಅವರವು. ಮೊದಲು ಕಳಿಸಿದವು ಹೇಗಿವೆ ಎಂದು ಕೇಳಿದರೆ, ಅಂಗಿಗೆ ಕೈ ಒರೆಸಿಕೊಂಡು ಜೇಬಿನಿಂದ ಫೋಟೋ ತೆಗೆಯುತ್ತಾರೆ. ಬೆಳ್ಳಗಿನ ತೋಟ, ಕೋಟು ತೊಟ್ಟ ಮಾಲೀಕರ ನೆಂಟರ ಸಾಲು. ಅವರ ಹಿಂದೆ, ಯಾರದೋ ಭುಜದ ಮೇಲೆ, ಹಿಮ ಹೊತ್ತ ಹಸಿರು ಗರಿಯೊಂದರ ತುದಿ.

"ಬದುಕಿದೆ ನೋಡಿ," ಎನ್ನುತ್ತಾರೆ ದೇಜಪ್ಪ. "ಮುಂದಿನ ಸಲ ಇವರು ಸ್ವಲ್ಪ ಬದಿಗೆ ನಿಂತರೆ ಸಾಕು."